ಕರೇಕಲ್ಲಹಟ್ಟಿ ಶಾಲೆಯಲ್ಲಿ ಹನ್ನೊಂದು ದಿನ ಮಳೆ

ಅನುಸೂಯ ಮಿಸ್ಸಿಗೆ ಏನೋ ಆಗಿದೆ ಅನ್ನುವುದು ಮೊದಲು ಗೊತ್ತಾದದ್ದು ಭರಮಸಾಗರದ ಒಂದು ಸಾವಿನ ಮನೆಯಲ್ಲಿ.

ಗಂಡ ಪ್ರಭುವಿನ ಸೋದರತ್ತೆ ಈರಕ್ಕ. ಅವರ ಯಜಮಾನರು ತೀರಿಕೊಂಡು ಮೂರು ದಿನವಾಗಿತ್ತು. ಅರವತ್ತೆರಡು ವರ್ಷದ ಈರಕ್ಕ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಬಂದವರನ್ನೆಲ್ಲ ತಬ್ಬಿಕೊಂಡು ಅಳುತ್ತಿದ್ದರು. ಅನುಸೂಯ ಹೋಗಿ ಪಕ್ಕದಲ್ಲಿ ಕುಳಿತದ್ದೇ ತಡ, ಅವಳ ಹೆಗಲಿಗೆ ಬಿದ್ದು ದನಿ ತೆಗೆದರು. ಆಗ ಅನುಸೂಯಳ ಕೈ ತಾನಾಗಿಯೇ ಈರಕ್ಕನ ಗದ್ದ ಹಿಡಿದು ಮೇಲೆತ್ತಿತು. ಬಾಯಿ ತಾನಾಗಿಯೇ ತೆರೆಯಿತು.

"ಯಾರು ಜಾಣೆ? ಈರಕ್ಕ ಜಾಣೆ! ಜಾಣೇರು ಅಳ್ತಾರಾ? ಅಳಲ್ಲ. ಎಲ್ಲಿ, ಮೂಗು ಒರಸ್ಕೊ ನೋಡಾಣ. ಹಾಂ, ವೆರಿ ಗುಡ್! ಎಲ್ರೂ ಚಪ್ಪಾಳೆ ಹೊಡೀರಿ!"

ನಡುಮನೆ ಗಪ್‌ಚಿಪ್ ಆಯಿತು. ಬಾಗಿಲ ಬಳಿ ನಿಂತಿದ್ದ ಯಾರೋ ದೂರದ ನೆಂಟ ಎರಡು ಸಲ ಚಪ್ಪಾಳೆ ಹೊಡೆದೂ ಬಿಟ್ಟ. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಈರಕ್ಕ ಮರುಮಾತಾಡದೆ ಸೆರಗಿನಿಂದ ಮೂಗು ಒರೆಸಿಕೊಂಡರು.

ವಾಪಸ್ ಬರುವಾಗ ಬೈಕಿನ ಮೇಲೆ ಪ್ರಭು ದಾರಿಯುದ್ದಕ್ಕೂ ನಕ್ಕ. ಅವನು ಹೊಳಲ್ಕೆರೆಯಲ್ಲಿ ಲೈನ್‌ಮನ್. ಕಂಬದ ಮೇಲೆ ಬಿಟ್ಟು ಬೇರೆಲ್ಲಿಯೂ ಅವನಿಗೆ ಗಾಂಭೀರ್ಯ ಬರುವುದಿಲ್ಲ.

"ಲೇ ಅನು, ಇನ್ನೊಂದೈದು ನಿಮಿಷ ಬಿಟ್ಟಿದ್ರೆ ಅತ್ತೆ ಕೈಲಿ ಮಗ್ಗಿ ಹೇಳಿಸ್ತಿದ್ದೆ ಕಣೆ ನೀನು!"

ಅನುಸೂಯಳಿಗೆ ನಗು ಬರಲಿಲ್ಲ. ಅವಳು ಹೆದರಿದ್ದು ಚಪ್ಪಾಳೆಗಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಯಾರ ಪರಿಚಯವೂ ಇಲ್ಲದೆ ಮೂಲೆ ಹಿಡಿದು ಕುಳಿತಿದ್ದಾಗ, ಕರೆದು ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟಿದವರು ಈರಕ್ಕ. ಅಂಥವರು ಹೆಗಲ ಮೇಲೆ ಬಿದ್ದು ಅಳುವಾಗ ಎದೆಯೊಳಗೆ ಏನೂ ಅಲ್ಲಾಡಿರಲಿಲ್ಲ. ಅಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ತಡಕಾಡಿದಳು. ಸಿಕ್ಕಿದ್ದು ಸುಸ್ತು ಮಾತ್ರ.

ಮರುದಿನವೇ ಒಂದು ಬಿಳಿ ಹಾಳೆ ತೆಗೆದುಕೊಂಡು ಅರ್ಜಿ ಬರೆದಳು. ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಶಾಲೆಗಳ ಮಾಹಿತಿ ತುಂಬುವ ಕೆಲಸಕ್ಕೆ ಒಬ್ಬ ಶಿಕ್ಷಕರನ್ನು ಕೇಳಿದ್ದರು. ಕಂಪ್ಯೂಟರ್ ಅಳುವುದಿಲ್ಲ. ಅದಕ್ಕೆ ಜಾಣ ಎನ್ನಬೇಕಾಗಿಲ್ಲ. ಅದರ ಹಲ್ಲು ಬಿದ್ದರೆ ಬೆರಗಾಗಬೇಕಾಗಿಯೂ ಇಲ್ಲ. ಅರ್ಜಿಗೆ ಕೊನೆಯ ದಿನ, ಫೆಬ್ರವರಿ ಮುಗಿದ ಮಾರನೆಯ ದಿನ, ಶನಿವಾರ.

*

ಕರೇಕಲ್ಲಹಟ್ಟಿ ರಾಮಗಿರಿಯಿಂದ ನಾಲ್ಕು ಕಿಲೋಮೀಟರ್ ಒಳಗಿದೆ. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ, ಇಷ್ಟೇ ಶಾಲೆ. ನಾಲ್ಕು ಮತ್ತು ಐದನೇ ಕ್ಲಾಸು ಹೆಡ್‌ಮಾಸ್ಟರ್ ಬೋರಯ್ಯನವರಿಗೆ. ಒಂದರಿಂದ ಮೂರರವರೆಗಿನ ಇಪ್ಪತ್ತಾರು ಮಕ್ಕಳು ಒಂದೇ ಕೋಣೆಯಲ್ಲಿ, ಅನುಸೂಯಳಿಗೆ. ನಲಿಕಲಿ ಕೋಣೆಯೆಂದರೆ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತವೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಕ್ಕಳು ಬರೆದ ಆನೆ, ಬಸ್ಸು, ಬದನೆಕಾಯಿಗಳನ್ನು ನೇತುಹಾಕಿರುತ್ತಾರೆ. ಗೋಡೆಯಲ್ಲಿ ಹವಾಮಾನ ನಕ್ಷೆ: ದಿನಕ್ಕೊಂದು ಚೌಕ. ಬೆಳಿಗ್ಗೆ ಬಂದ ಕೂಡಲೇ ಒಂದು ಮಗು ಕಿಟಕಿಯಿಂದ ಆಕಾಶ ನೋಡಿ ಬಿಸಿಲೋ ಮೋಡವೋ ಮಳೆಯೋ ಆ ಚಿತ್ರ ಬರೆಯಬೇಕು. ಆ ಸೀಮೆಯಲ್ಲಿ ಅದು ಬಹಳ ಸುಲಭದ ಕೆಲಸ. ದೀಪಾವಳಿಯಿಂದ ಯುಗಾದಿಯವರೆಗೆ ಬರೀ ಸೂರ್ಯನನ್ನು ಬರೆದು ಹಳದಿ ಬಳಪವೆಲ್ಲ ಖಾಲಿಯಾಗಿಬಿಡುತ್ತದೆ.

ಮೂರು ವರ್ಷದ ಕೆಳಗೆ ಅನುಸೂಯ ಈ ಶಾಲೆಗೆ ಬಂದಾಗ ಅವಳ ನಗು ತಾನಾಗಿ ಬರುತ್ತಿತ್ತು. ಈಗ ಹಾಗಲ್ಲ. ಹೊಳಲ್ಕೆರೆಯ ಬಸ್ಸು ಹಟ್ಟಿಯ ತಿರುವಿಗೆ ಬಂತೆಂದರೆ, ಪೊಲೀಸರನ್ನು ಕಂಡವರು ಹೆಲ್ಮೆಟ್ ಹಾಕಿಕೊಳ್ಳುವ ಹಾಗೆ ಅವಳು ನಗು ಹಾಕಿಕೊಳ್ಳುವಳು. ಒಮ್ಮೆ ಕಂಡಕ್ಟರ್ ತನ್ನನ್ನೇ ನೋಡಿ ನಕ್ಕಳೆಂದುಕೊಂಡು ಕೂದಲು ಸರಿಮಾಡಿಕೊಂಡಿದ್ದ.

ಅಲ್ಲಿಂದ ಶುರು. ದಾಳಿಂಬೆ ತೋಟದ ಕೂಲಿಗೆ ನಸುಕಿನಲ್ಲೇ ಹೋಗುವ ಅವ್ವನನ್ನು ನೆನೆದು ಅಳುವ ಒಂದನೇ ಕ್ಲಾಸಿನ ಕೀರ್ತನಾಳನ್ನು ರಮಿಸಬೇಕು. ಅಪ್ಪ ಕುಡಿದು ಬಂದ ಮನೆಯ ಹುಡುಗ ಸುಮ್ಮನೆ ಕುಳಿತಿದ್ದರೆ ಏನೂ ಗೊತ್ತಿಲ್ಲದವಳಂತೆ ಹತ್ತಿರ ಕರೆದು ಸೀಮೆಸುಣ್ಣದ ಡಬ್ಬಿ ಕೊಟ್ಟು 'ಇವತ್ತು ನೀನೇ ಲೀಡರ್' ಎನ್ನಬೇಕು. 'ಮಿಸ್ ನೋಡ್ರಿ, ಮಿಸ್ ನೋಡ್ರಿ' ಎಂದು ಇಪ್ಪತ್ತಾರು ಸ್ಲೇಟು ಮೂಗಿನ ಕೆಳಗೆ ಬರುತ್ತವೆ; ಇಪ್ಪತ್ತಾರು ಸಲವೂ ಪ್ರಪಂಚದಲ್ಲಿ 'ಗ' ಅಕ್ಷರವನ್ನು ಮೊದಲ ಸಲ ಕಂಡವಳಂತೆ ಬೆರಗಾಗಬೇಕು. ಇಪ್ಪತ್ತೈದು ಸಲ ಬೆರಗಾದರೆ ನಡೆಯುವುದಿಲ್ಲ, ಇಪ್ಪತ್ತಾರನೆಯದು ಮುಖ ಸಣ್ಣ ಮಾಡಿಕೊಳ್ಳುತ್ತದೆ. ಮಧ್ಯಾಹ್ನ ಮೊಟ್ಟೆ ಹಂಚುವ ಫೋಟೊ ತೆಗೆದು ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಅದರಲ್ಲಿಯೂ ನಗಬೇಕು. ಸಂಜೆ ಗೇಟಿನ ಬಳಿ ಕಾಯುವ ಅಜ್ಜಿಯರ ಜಗಳ ಕೇಳಬೇಕು. 'ನನ್ನ ಮೊಮ್ಮಗನ ಬಳಪ ಮುರಿದವ್ಳೆ ಅವ್ಳು' ಎಂದವರಿಗೂ ನಗು, 'ಅವ್ನೇ ಕಚ್ಚಿದ್ದು ಮೊದ್ಲು' ಎಂದವರಿಗೂ ನಗು.

ಮನೆಗೆ ಬಂದರೆ ಆ ನಗುವನ್ನು ಬಿಚ್ಚಿ ವ್ಯಾನಿಟಿ ಬ್ಯಾಗಿನ ಜೊತೆ ಗೂಟಕ್ಕೆ ನೇತುಹಾಕಿ, ಗೋಡೆ ನೋಡುತ್ತ ಕುಳಿತುಬಿಡುವಳು. ಪ್ರಭು ಕಂಬ ಹತ್ತಿದ ಕಥೆ ಹೇಳಿದರೆ 'ಹೌದಾ ಪುಟ್ಟ, ಜಾಣ' ಎನ್ನುವಳು.

"ನನಗೆ ಮೂವತ್ತಾರು ವರ್ಷ ಕಣೆ," ಅನ್ನುವನು ಪ್ರಭು. "ಒಂದು ಸಲ ಬೈದಾದ್ರೂ ಬೈಯೆ. ಮನೇಲಿ ಹೆಂಡ್ತಿ ಐತೆ ಅಂತಾದ್ರೂ ಅನ್ಸುತ್ತೆ."

ಬೈಯಲಿಕ್ಕಾದರೂ ಒಳಗೆ ಏನಾದರೂ ಮಿಕ್ಕಿರಬೇಕಲ್ಲ.

ಅರ್ಜಿಯನ್ನು ಬೋರಯ್ಯನವರ ಮೇಜಿನ ಮೇಲಿಟ್ಟಾಗ ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಎರಡು ಸಲ ಓದಿದರು. ನಿವೃತ್ತಿಗೆ ಇನ್ನೆರಡು ವರ್ಷವಿದ್ದ ಮನುಷ್ಯ. ಮೀಸೆ ಮಾತ್ರ ಇನ್ನೂ ಸರ್ವಿಸಿಗೆ ಸೇರಿದ ದಿನದಷ್ಟೇ ದಪ್ಪ.

"ಅಲ್ಲಮ್ಮ ಅನುಸೂಯಮ್ಮ, ನೀನು ಹೋದ್ರೆ ನಲಿಕಲಿ ಯಾರು ನೋಡ್ಕಂತಾರೆ? ನಾನಾ? ನನ್ ಮೀಸೆ ಕಂಡ್ರೆ ಒಂದನೇ ಕ್ಲಾಸಿನವು ಕುಂತಲ್ಲೇ ಉಚ್ಚೆ ಹೊಯ್ಕಂತಾವೆ."

"ನನ್ ಕೈಲಿ ಆಗ್ತಿಲ್ಲ ಸರ್."

"ಅದನ್ನೂ ನಗ್ತಾನೇ ಹೇಳ್ತೀಯಲ್ಲಮ್ಮ!"

ಅನುಸೂಯ ಕೆನ್ನೆ ಮುಟ್ಟಿ ನೋಡಿಕೊಂಡಳು. ಹೌದು, ನಗುತ್ತಿದ್ದಳು.

ಬೋರಯ್ಯ ನಿಟ್ಟುಸಿರುಬಿಟ್ಟು ಸಹಿ ಹಾಕಿದರು. "ಇನ್ನು ಸಿಆರ್‌ಪಿ ಹನುಮೇಶಪ್ಪ ಒಂದು ಶಿಫಾರಸ್ಸು ಬರೆದ್ರೆ ಮುಗೀತು. ಗುರುವಾರ ಬತ್ತಾನಂತೆ, ಕೊಡು."

ಅವಳು ಅರ್ಜಿಯನ್ನು ಹಾಜರಾತಿ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡಳು.

*

ಹನುಮೇಶ್ ಸುತ್ತಮುತ್ತಲ ಹನ್ನೆರಡು ಶಾಲೆಗಳನ್ನು ಸುತ್ತಿ ನೋಡಿ ವರದಿ ಬರೆಯುವ ಸಿಆರ್‌ಪಿ. ಐದು ವರ್ಷದ ಹಿಂದೆ ಅವರೂ ಮೇಷ್ಟ್ರೇ ಆಗಿದ್ದರು. ಈಗ ಸ್ಕೂಟರು, ಹೆಗಲಿಗೊಂದು ಚೀಲ, ಕೈಯಲ್ಲಿ ಸದಾ ಫೋನು. ಶಿವರಾತ್ರಿಯ ಮಾರನೆಯ ಗುರುವಾರ ಹನ್ನೊಂದು ಗಂಟೆಗೆ ಬೇವಿನ ಮರದ ಕೆಳಗೆ ಸ್ಕೂಟರ್ ನಿಂತಾಗ, ಅಡುಗೆಯ ಜಯಕ್ಕ ಸೌಟು ಹಿಡಿದುಕೊಂಡೇ ಹೊರಗೆ ಇಣುಕಿದಳು.

"ಟೀಚರಮ್ಮ, ಸಾಹೇಬ್ರು ಬಂದ್ರು. ಸಾರಿಗೆ ಇನ್ನೊಂದಿಡಿ ಬೇಳೆ ಹಾಕ್ಲಾ?"

"ಹಾಕು ಜಯಕ್ಕ. ಹಂಗೆ ಸ್ವಲ್ಪ ಉಪ್ಪೂ ನೋಡು."

ಇಪ್ಪತ್ತಾರು ಮಕ್ಕಳು ಎದ್ದು ನಿಂತು 'ನಮಸ್ತೇ ಸಾ...ರ್' ಎಂದು ಎಳೆದವು. ಹನುಮೇಶ್ ಖುಷಿಯಾದರು. ಮಕ್ಕಳ ಜೊತೆ ಮಿಸ್ ನಿಂತಿರುವ ಒಂದು ಫೋಟೊ ಬೇಕಿತ್ತು ಅವರಿಗೆ.

"ನಿಂತ್ಕಳ್ರಿ ಮೇಡಂ. ಸ್ವಲ್ಪ ನಗ್ರಿ. ಹಾಂ, ಹಂಗೆ. ನಿಮ್ ನಗು ನೋಡಿದ್ರೆ ಸಾಕು, ಕ್ಲಾಸ್ ಹೆಂಗೈತೆ ಅಂತ ಗೊತ್ತಾಗ್ತೈತೆ. ಅರೆ, ಹಿಂದಿಂದ ಬೆಳಕು ಹೊಡೀತೈತಲ್ಲ. ಲೇ ಮರಿ, ಆ ಬಾಗ್ಲು ಮುಂದಕ್ಕೆ ತಳ್ಳು."

ಆ ಕೋಣೆಯ ಬಾಗಿಲು ಶಾಲೆಯ ಹೊತ್ತಿನಲ್ಲಿ ಮುಚ್ಚಿದ್ದೇ ಇಲ್ಲ. ಬೆಳಿಗ್ಗೆ ತೆಗೆದರೆ ಗೋಡೆಗೆ ಒರಗಿಕೊಂಡೇ ಇರುವುದು. ಈಗ ಅದು ಕಿರ್ರೆಂದು ಮುಚ್ಚಿಕೊಂಡಾಗ, ಅದರ ಹಿಂದಿನ ಗೋಡೆಯಲ್ಲಿ, ಮಕ್ಕಳ ಎತ್ತರಕ್ಕೆ, ಅನ್ನದ ಅಗುಳಿನಿಂದ ಅಂಟಿಸಿದ ಒಂದು ಹಾಳೆ ಕಂಡಿತು. ಹಳೇ ಕ್ಯಾಲೆಂಡರಿನ ಹಿಂಬದಿ. ಅದರಲ್ಲಿ ಸ್ಕೇಲಿಲ್ಲದೆ ಗೀಚಿದ ಇಪ್ಪತ್ತೆಂಟು ಚೌಕ. ಚೌಕದ ತುಂಬ ನೀಲಿ ಗೀಟು, ನೀಲಿ ಗೀಟು, ನೀಲಿ ಗೀಟು.

ಹನುಮೇಶ್ ಫೋನು ಇಳಿಸಿ ಬಗ್ಗಿ ಎಣಿಸಿದರು.

"ಏನ್ರಿ ಮೇಡಂ ಇದು! ಫೆಬ್ರವರಿಯಾಗೆ ಹನ್ನೊಂದು ದಿನ ಮಳೆ? ನಮ್ ಕಡೆ ಒಂದು ಹನಿ ಇಲ್ಲ, ಬೋರ್‌ವೆಲ್ ಎಲ್ಲಾ ಗೊರ ಗೊರ ಅಂತಾವೆ. ನಿಮ್ ಹಟ್ಟಿಗೆ ಮಾತ್ರ ಬ್ಯಾರೆ ಮೋಡ ಇಟ್ಟವ್ನಾ ದೇವ್ರು?"

ಅನುಸೂಯ ಆ ಹಾಳೆಯನ್ನು ಈಗಲೇ ಮೊದಲ ಸಲ ನೋಡುತ್ತಿದ್ದಳು. ಕಿಟಕಿಯ ಪಕ್ಕದ ಅಸಲಿ ನಕ್ಷೆಯಲ್ಲಿ ಒಂದನೇ ತಾರೀಖಿನಿಂದ ಸಾಲಾಗಿ ಸೂರ್ಯರು ಕುಳಿತಿದ್ದರು.

"ನೋಡ್ರಪ್ಪ," ಹನುಮೇಶ್ ಮಕ್ಕಳ ಕಡೆ ತಿರುಗಿದರು, "ಹವಾಮಾನ ಅಂದ್ರೆ ಕಣ್ಣಾರೆ ನೋಡಿ ಬರೀಬೇಕು. ಮನಸಿಗೆ ಬಂದಂಗೆ ಗೀಚಾದಲ್ಲ. ಯಾರು ಬರ್ದಿದ್ದು ಇದನ್ನ?"

ಎರಡನೇ ಕ್ಲಾಸಿನ ಚೌಡೇಶ್ವರಿ ಎದ್ದು ನಿಂತಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಧೈರ್ಯಕ್ಕೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

"ನಾನು ಸಾರ್. ನೋಡೇ ಬರ್ದೀನಿ."

"ಎಲ್ಲಿ ನೋಡ್ದೆವ್ವ ಮಳೇನ?"

ಚೌಡೇಶ್ವರಿ ಬಳಪ ಹಿಡಿದ ಕೈಯನ್ನು ನೇರ ಅನುಸೂಯಳ ಕಡೆ ಚಾಚಿದಳು.

"ಮಿಸ್ ಮುಖದಾಗೆ. ಕಿಟಕಿ ತಾವ ಇರಾದು ಆಕಾಶದ್ದು ಸಾರ್. ಇದು ಮಿಸ್‌ದು."

ಪಕ್ಕದ ಕೋಣೆಯಿಂದ ಬಂದು ಕಿಟಕಿಯಲ್ಲಿ ನಿಂತಿದ್ದ ಬೋರಯ್ಯನವರಿಗೆ ಕೆಮ್ಮು ಹತ್ತಿತು. ಅನುಸೂಯಳ ನಗು ಕರೆಂಟಿನ ತಂತಿಗೆ ಸಿಕ್ಕಿಕೊಂಡ ಗಾಳಿಪಟದಂತೆ ಮುಖದ ಮೇಲೆ ಹಾಗೇ ನಿಂತಿತ್ತು. ಇಳಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಏ, ನಿಮ್ ಮಿಸ್ ಯಾವತ್ತೂ ನಗ್ತಾನೇ ಇರ್ತಾರಲ್ಲೇ!" ಎಂದರು ಹನುಮೇಶ್.

"ಅದಕ್ಕೇ ಸಾರ್." ಚೌಡೇಶ್ವರಿ ದಡ್ಡ ಹುಡುಗನಿಗೆ ಬಿಡಿಸಿ ಹೇಳುವಂತೆ ಬೆರಳು ಮಡಚಿದಳು. "ಹಲ್ಲು ಕಾಣಂಗೆ ನಕ್ಕಂಡು ಬಂದ್ರೆ ಮಳೆ. ಅರ್ಧ ನಕ್ಕು 'ಚಿನ್ನಾ ಚಿನ್ನಾ' ಅಂದ್ರೆ ಮೋಡ. ನಗದಂಗೆ ಬಂದ್ರೆ ಬಿಸ್ಲು."

"ಚಪ್ಲಿ ಹೇಳೇ, ಚಪ್ಲಿ!" ಹಿಂದಿನಿಂದ ಯಾರೋ ಕೂಗಿದರು.

"ಹ್ಞಾಂ, ಚಪ್ಲಿ. ಜೋಡಿ ಮಾಡಿ ಬಿಟ್ರೆ ಬಿಸ್ಲು. ಒಂದು ಅತ್ಲಾಗೆ ಒಂದು ಇತ್ಲಾಗೆ ಬಿದ್ರೆ ಮಳೆ."

ಒಬ್ಬ ಹುಡುಗ ಓಡಿಹೋಗಿ ಬಾಗಿಲು ತೆಗೆದ. ಕೋಣೆಯ ಅಷ್ಟೂ ತಲೆಗಳು, ಹನುಮೇಶರದ್ದೂ ಸೇರಿ, ಹೊರಗೆ ತಿರುಗಿದವು. ಮಿಸ್‌ನ ಒಂದು ಚಪ್ಪಲಿ ಮೆಟ್ಟಿಲಿನ ಮೇಲಿತ್ತು. ಇನ್ನೊಂದು ಸ್ಕೂಟರಿನ ಗಾಲಿಯ ಪಕ್ಕ ಮಗುಚಿ ಬಿದ್ದಿತ್ತು.

"ಇವತ್ತಿಂದು ಇನ್ನೂ ಬರ್ದಿಲ್ಲ ಸಾರ್," ಎಂದಳು ಚೌಡೇಶ್ವರಿ ಜವಾಬ್ದಾರಿಯಿಂದ. "ಸೇರಿದ್ರೆ ಹನ್ನೆರಡಾಗ್ತೈತೆ."

ಅನುಸೂಯ ನಿಧಾನವಾಗಿ ಆ ಹಾಳೆಯ ಬಳಿಗೆ ಹೋಗಿ ಬಗ್ಗಿದಳು. ಹನ್ನೊಂದು ಮಳೆ, ಏಳು ಮೋಡ, ಮೂರೇ ಮೂರು ಸೂರ್ಯ. ಇಡೀ ತಿಂಗಳು ಒಂದು ದಿನವೂ ತಪ್ಪದೆ ನಗು ಹಾಕಿಕೊಂಡು ಬಂದಿದ್ದೇನೆಂದೇ ಅವಳು ತಿಳಿದಿದ್ದಳು. ಈ ಮಕ್ಕಳು ಒಂದು ದಿನವೂ ತಪ್ಪದೆ ಅದನ್ನು ಬಿಚ್ಚಿ ನೋಡಿದ್ದವು!

"ಈ ಬಿಸ್ಲು ಯಾವತ್ತಿಂದೇ?" ಕೇಳಿದಳು. ದನಿ ತೀರ ಸಣ್ಣದಾಗಿತ್ತು.

"ಅವತ್ತು ನಿಮಗೆ ಗಂಟ್ಲು ಕಟ್ಟಿತ್ತಲ್ಲ ಮಿಸ್? ಮಾತೇ ಬರ್ಲಿಲ್ಲ, ಸುಮ್ಕೆ ಕುಂತಿದ್ರಿ. ನಾವೇ ಪಾಠ ಹೇಳ್ಕಂಡ್ವಿ. ಇದು ಬಸ್ ಕೆಟ್ಟು ಬಿಸ್ಲಾಗೆ ನಡ್ಕಂಡು ಬಂದು ಒಂದು ಚೊಂಬು ನೀರು ಕುಡುದ್ರಲ್ಲ, ಅವತ್ತಿಂದು."

"ಮತ್ತೆ ಇದು?"

"ಇದು ಬೈದಿದ್ದು."

"ಅವತ್ತು ಸೀಮೆಸುಣ್ಣ ಗೋಡೆಗೆ ಎಸೆದಿದ್ನಲ್ಲೇ ನಾನು!"

"ಹ್ಞೂ ಮಿಸ್. ನಿಜವಾಗ್ಲೂ ಬೈದ್ರಿ," ಚೌಡೇಶ್ವರಿ ಆ ದಿನವನ್ನು ಮೆಚ್ಚಿಕೊಂಡು ತಲೆದೂಗಿದಳು. "ಆಮ್ಯಾಕೆ ಚೆನಾಗಾದ್ರಿ."

ಆಗ ಅನುಸೂಯಳ ಕಣ್ಣಿಗೆ ಕೀರ್ತನಾ ಬಿದ್ದಳು. ಮೂಲೆಯಲ್ಲಿ, ಎರಡೂ ತುಟಿ ಒಳಗೆಳೆದುಕೊಂಡು, ಕಣ್ಣು ಕೆರೆಯಂತೆ ತುಂಬಿಕೊಂಡು ಕುಳಿತಿತ್ತು ಕೂಸು. ಜನವರಿಯಲ್ಲೆಲ್ಲ ದಿನವೂ ಅತ್ತವಳು. ಈ ತಿಂಗಳು ಅಳು ಹೆಚ್ಚುಕಡಿಮೆ ನಿಂತಿದೆಯೆಂದು ಅನುಸೂಯ ಎಷ್ಟು ಹೆಮ್ಮೆಪಟ್ಟಿದ್ದಳು! ಪ್ರಗತಿ ಪುಸ್ತಕದಲ್ಲಿ 'ಶಾಲೆಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ' ಎಂದು ಹಸಿರು ಶಾಯಿಯಲ್ಲಿ ಬರೆದೂ ಇಟ್ಟಿದ್ದಳು.

"ಕೀರ್ತನಾ ಯಾಕೆ ಹಂಗೆ ಕುಂತವ್ಳೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಚೌಡೇಶ್ವರಿಯೇ ಹೇಳಿದಳು.

"ಮಳೆ ದಿನ ಅಳಂಗಿಲ್ಲ ಅಂತ ನಾವೆಲ್ಲ ಮಾತಾಡ್ಕಂಡೀವಿ ಮಿಸ್. ನಿಮಗೆ ಕಷ್ಟ ಆಗ್ತೈತಲ್ಲ. ಬಿಸ್ಲು ಬಂದಾಗ ಅಳು ಅಂತ ಹೇಳೀವಿ ಅವ್ಳಿಗೆ."

ಅನುಸೂಯ ಮೂರು ಸೂರ್ಯರನ್ನು ನೋಡಿದಳು. ಅಂದರೆ ಆರು ವರ್ಷದ ಆ ಕೂಸಿಗೆ ಇಡೀ ತಿಂಗಳಲ್ಲಿ ಅವ್ವನಿಗಾಗಿ ಅಳಲು ಸಿಕ್ಕಿದ್ದು ಮೂರು ದಿನ. ಉಳಿದ ದಿನವೆಲ್ಲ ಅದು ಮಿಸ್ಸಿಗೋಸ್ಕರ ಗಂಟಲಲ್ಲೇ ತಡೆದುಕೊಂಡು ಕುಳಿತಿತ್ತು, ಥೇಟ್ ಮಿಸ್ಸಿನ ಹಾಗೆಯೇ. ಯಾವ ತರಬೇತಿಯೂ ಇಲ್ಲದೆ ಈ ಒಂದು ಪಾಠವನ್ನು ಎಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದಳು ತಾನು!

ಅವಳು ಅಲ್ಲೇ, ಮಕ್ಕಳ ನಡುವೆ, ನೆಲದ ಮೇಲೆ ಕುಳಿತುಬಿಟ್ಟಳು. ತಂತಿಗೆ ಸಿಕ್ಕಿದ್ದ ನಗು ಅದೆಲ್ಲಿ ಹೋಯಿತೋ.

ಚೌಡೇಶ್ವರಿ ಹತ್ತಿರ ಬಂದು ಮುಖವನ್ನೇ ದಿಟ್ಟಿಸಿದಳು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಸಾರಿದಳು:

"ಮಿಸ್ ನಗ್ತಿಲ್ಲ! ಬಿಸ್ಲು!"

ಅದಕ್ಕೇ ಕಾದಿದ್ದಂತೆ ಕೀರ್ತನಾ ಬಾಯಿ ಅಗಲಿಸಿ, "ಅವ್ವಾಆಆ" ಎಂದು ಶುರುಮಾಡಿದಳು.

ಅದೇನು ಅಳು! ತಿಂಗಳ ಬಾಕಿಯೆಲ್ಲ ಒಟ್ಟಿಗೆ ಬಂತು. ಅನುಸೂಯ ಕೈ ಚಾಚಿದಳು, ಕೂಸು ಓಡಿಬಂದು ತೊಡೆಯೇರಿತು. 'ಯಾರು ಜಾಣೆ' ಎಂಬ ಮಾತು ಅನುಸೂಯಳ ನಾಲಿಗೆಯ ತುದಿಗೇ ಬಂದಿತ್ತು. ಕಚ್ಚಿ ಹಿಡಿದಳು. ಸುಮ್ಮನೆ ಎದೆಗೊತ್ತಿಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಕೂಸಿನ ನೆತ್ತಿ ಒದ್ದೆಯಾಯಿತು. ಅವಳದೇ ಕಣ್ಣೀರು. ಎಲ್ಲಿತ್ತೋ ಇಷ್ಟು ದಿನ, ಭರಮಸಾಗರದಲ್ಲಿ ಕರೆದರೂ ಬಾರದ್ದು.

ಬಿಸಿಲು ಬಂತೆಂದು ತಿಳಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಸೋಮವಾರ ಕಳೆದುಹೋದ ರಬ್ಬರಿಗೆ ಒಬ್ಬ ಈಗ ಅತ್ತ. ಅವನನ್ನು ನೋಡಿ ಏನೂ ಕಾರಣ ಸಿಗದ ಇನ್ನೊಬ್ಬನೂ ಅತ್ತ. ಜಯಕ್ಕ ಸೌಟಿನೊಂದಿಗೇ ಓಡಿಬಂದಳು.

"ಏನಾತ್ರಪ್ಪೋ! ಯಾರಿಗೇನಾತು?"

"ಏನಿಲ್ಲ ಜಯಕ್ಕ," ಎಂದರು ಬೋರಯ್ಯ ಕಿಟಕಿಯಿಂದ, ಕನ್ನಡಕ ಒರೆಸಿಕೊಳ್ಳುತ್ತ. "ಬಿಸ್ಲು ಬಂದೈತೆ."

ಹನುಮೇಶರ ಕೈಯಲ್ಲಿ ಫೋನಿತ್ತು. ಅವರು ಅದನ್ನು ಜೇಬಿಗೆ ಹಾಕಿಕೊಂಡರು.

*

ಊಟವಾದ ಮೇಲೆ ಬೋರಯ್ಯನವರ ಮೇಜಿನ ಸುತ್ತ ಮೂವರೂ ಕುಳಿತರು. ಅನುಸೂಯಳ ಮೂಗು ಕೆಂಪಗಿತ್ತು, ಆದರೆ ಬೆಳಿಗ್ಗೆಗಿಂತ ತಲೆ ಹಗುರವಾಗಿತ್ತು. ಸಾರಿಗೆ ಉಪ್ಪು ಜಾಸ್ತಿಯಾದದ್ದು ಅವಳಿಗೆ ಗೊತ್ತಾಗಿತ್ತು. ನಾಲಿಗೆಗೆ ಹೀಗೆ ರುಚಿ ಹತ್ತಿ ಎಷ್ಟು ದಿನವಾಗಿತ್ತೋ.

"ಕೊಡ್ರಿ ಮೇಡಂ ಅರ್ಜಿ," ಎಂದರು ಹನುಮೇಶ್ ಪೆನ್ನಿನ ಮುಚ್ಚಳ ತೆಗೆದು. "ಶಿಫಾರಸ್ಸು ಬರೆದು ನಾನೇ ತಗಂಡು ಹೋಗಿ ಕೊಡ್ತೀನಿ. ಶನಿವಾರ ಕೊನೆ. ಇಲ್ಲ ಅನ್ನಲ್ಲ ನಾನು."

ಅನುಸೂಯ ಹಾಜರಾತಿ ಪುಸ್ತಕದ ಮೇಲೆ ಕೈಯಿಟ್ಟಳು. ತೆರೆಯಲಿಲ್ಲ.

"ಅಲ್ಲಿ ಹೆಂಗಿರುತ್ತೆ ಸರ್? ಮಕ್ಕಳಿಲ್ಲದೆ?"

ಹನುಮೇಶ್ ಪೆನ್ನನ್ನು ಎರಡು ಸಲ ತಿರುಗಿಸಿದರು. "ಸುಳ್ಳು ಯಾಕೆ ಹೇಳ್ಲಿ. ಕ್ಲಾಸು ಬಿಟ್ಟ ಹೊಸದ್ರಾಗೆ ಆರು ತಿಂಗ್ಳು ಭಾಳ ಆರಾಮಾಗಿತ್ತು. ಈಗ್ಲೂ ಆರಾಮೇ." ಪೆನ್ನಿನ ಕಡೆಯೇ ನೋಡುತ್ತ ಅಂದರು, "ಆದ್ರೆ ನನ್ ಮುಖ ನೋಡಿ ಯಾರೂ ಏನೂ ಬರ್ಕಳಲ್ಲ."

ಹೊರಗೆ ಜಯಕ್ಕ ಪಾತ್ರೆ ತೊಳೆಯುವ ಸದ್ದು. ಅನುಸೂಯ ಮೇಜಿನ ಡ್ರಾಯರಿನಿಂದ ಬೇರೆ ಒಂದು ಹಾಳೆ ತೆಗೆದು ನಾಲ್ಕು ಸಾಲು ಬರೆದು ಬೋರಯ್ಯನವರ ಮುಂದಿಟ್ಟಳು. ಅವರು ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡರು.

"ಸಿಎಲ್ಲಾ? ನಾಳೆ, ನಾಡಿದ್ದು. ಎಂಥದಮ್ಮ ಇದು, ಕಾರಣ ಅನ್ನೋ ಜಾಗದಾಗೆ 'ಸುಸ್ತು' ಅಂತ ಬರ್ದೀಯ?"

"ಸುಸ್ತಾಗೈತೆ ಸರ್. ಅದಕ್ಕೆ ಬರ್ದೆ."

"ಸುಸ್ತಿಗೆಲ್ಲ ಯಾರು ರಜ ಬರೀತಾರೆ? ಜ್ವರ ಅಂತ ಬರಿ. ಇಲ್ಲ, ಮನೇಲಿ ಕಾರ್ಯ ಅಂತ ಬರಿ. ಮೂವತ್ತೆಂಟು ವರ್ಷದಾಗೆ ನಾನು ಹತ್ತು ಸಲ ಜ್ವರ ಬರಿಸ್ಕಂಡೀನಿ, ಒಂದು ಸಲಾನೂ ಮೈ ಬಿಸಿ ಆಗಿಲ್ಲ."

"ಇನ್ನು ಸುಳ್ಳು ಹೇಳಾಕೆ ಶಕ್ತಿ ಇಲ್ಲ ಸರ್. ಮಕ್ಳಿಗೇ ಗೊತ್ತಾಗ್ತೈತೆ, ನಿಮಗೆ ಗೊತ್ತಾಗಲ್ವಾ?"

ಬೋರಯ್ಯ ಹನುಮೇಶರ ಮುಖ ನೋಡಿದರು. ಹನುಮೇಶ್ ಸೂರಿನ ಕಡೆ ನೋಡಿದರು.

"ಅಲ್ಲಮ್ಮ, ನಾಡಿದ್ದು ಶನಿವಾರ. ಅರ್ಜಿಗೆ ಅದೇ ಕೊನೆ ದಿನ ಅಲ್ವಾ?"

"ಗೊತ್ತು ಸರ್."

"ಕೊಡಲ್ವೇನು ಹಂಗಾದ್ರೆ?"

"ಕೀರ್ತನಾ ಇಡೀ ತಿಂಗ್ಳಾಗೆ ಮೂರು ದಿನಾನೇ ಅತ್ತಿರಾದು ಸರ್," ಎಂದಳು ಅನುಸೂಯ. "ನಾನು ಹಿಂಗೇ ಬಿಟ್ಟು ಹೋದ್ರೆ, ಮಕ್ಳು ತಾವು ಅತ್ತಿದ್ದಕ್ಕೇ ಮಿಸ್ ಹೋದ್ರು ಅನ್ಕಂತಾವೆ. ಆಮ್ಯಾಕೆ ಯಾರ ಮುಂದೂ ಅಳಲ್ಲ. ಹೋಗಾದಿದ್ರೆ ಮುಂದಿನ ವರ್ಷ ಹೋಗ್ತೀನಿ, ಹೇಳಿ ಹೋಗ್ತೀನಿ."

ಬೋರಯ್ಯ ಇನ್ನೇನೂ ಕೇಳದೆ 'ಸುಸ್ತು' ಎಂಬುದರ ಕೆಳಗೆ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಅವರಿಗೆ ಒಮ್ಮೆಲೇ ಹೊಳೆಯಿತು.

"ಆ ಎರಡು ದಿನ ನಲಿಕಲಿ ಯಾರು ನೋಡ್ಕಳಾದು?"

"ನೀವೇ ಸರ್. ಚೌಡೇಶ್ವರಿ ಎಲ್ಲಾ ಹೇಳಿಕೊಡ್ತಾಳೆ. ಹಂಗೆ, ಮೊಟ್ಟೆ ಫೋಟೊದಾಗೂ ನೀವೇ ನಗ್ರಿ. ಇನ್ಮುಂದೆ ದಿನಾ ನೀವೇ."

ಹನುಮೇಶ್ ಮೇಜು ತಟ್ಟಿಕೊಂಡು ನಕ್ಕರು. "ಮೀಸೆ ಕೆಳಗೆ ನಗು ಕಂಡ್ರೆ ಕಳಿಸ್ರಿ ಸರ್, ಗ್ರೂಪಿನಾಗೆ ದೊಡ್ಡದು ಮಾಡಿ ನೋಡ್ತೀನಿ."

*

ಶುಕ್ರವಾರ ಅನುಸೂಯ ಹನ್ನೊಂದು ಗಂಟೆಯವರೆಗೆ ಮಲಗಿದಳು. ಎದ್ದವಳು, ಪ್ರಭು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಹೋಗಿದ್ದಕ್ಕೆ ಅವನಿಗೆ ಫೋನು ಮಾಡಿ ಚೆನ್ನಾಗಿ ಬೈದಳು. ಅವನು ಕಂಬದ ಮೇಲಿಂದಲೇ "ಆಹಾ, ಬಂದ್ಲು ನೋಡ್ರಪ್ಪ ನನ್ ಹೆಂಡ್ತಿ!" ಎಂದು ಕೆಳಗಿದ್ದವರಿಗೆಲ್ಲ ಸಾರಿದನಂತೆ.

ಶನಿವಾರ ಒಬ್ಬಳೇ ಬಸ್ಸು ಹತ್ತಿ ಭರಮಸಾಗರಕ್ಕೆ ಹೋದಳು. ಈಗ ಈರಕ್ಕನ ಮನೆಯಲ್ಲಿ ನೆಂಟರಿರಲಿಲ್ಲ. ಹಿತ್ತಿಲಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಈರಕ್ಕನ ಪಕ್ಕ ಅನುಸೂಯ ಕುಳಿತಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು, ಮಾತಿನ ಬದಲು ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಈರಕ್ಕ ಮೊರ ಪಕ್ಕಕ್ಕಿಟ್ಟು, ಅವಳ ಗದ್ದ ಹಿಡಿದೆತ್ತಿದರು.

"ಯಾರು ಜಾಣೆ?" ಎಂದರು.

ಇಬ್ಬರೂ ಕಣ್ಣೀರು ಸುರಿಸುತ್ತಲೇ ನಕ್ಕದ್ದಕ್ಕೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ ನೋಡಿದರು.

ಸೋಮವಾರ ಬಸ್ಸು ಹಟ್ಟಿಯ ತಿರುವಿಗೆ ಬಂದಾಗ ಅನುಸೂಯಳ ಕೆನ್ನೆ ಅಭ್ಯಾಸಬಲದಿಂದ ಮೇಲೇಳಲು ಹೊರಟಿತು. ಬೇಡವೆಂದಳು. ಶಾಲೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ, ಬಾಗಿಲ ಹಿಂದಿನ ಹಾಳೆಯ ಮುಂದೆ ಗುಂಪು ಸೇರಿತ್ತು. ಮಿಸ್‌ನ ಚೌಕಗಳನ್ನು ಮುಟ್ಟದೆ, ಹಾಳೆಯ ಅಂಚಿನಲ್ಲಿ ಎರಡು ಹೊಸ ಚೌಕ ಗೀಚಿದ್ದರು. ಎರಡರಲ್ಲೂ ಸಿಡಿಲು. ಪಕ್ಕದಲ್ಲಿ ಒಂದು ಮೀಸೆ.

"ದೊಡ್ಡ ಸಾರ್‌ದು ಮಿಸ್," ಚೌಡೇಶ್ವರಿ ವಿವರಿಸಿದಳು. "ಶನಿವಾರ ಮಧ್ಯಾಹ್ನ ಸ್ವಲ್ಪ ಬಿಸ್ಲು ಬಂದಿತ್ತು, ಬರಿಯಾಕೆ ಜಾಗ ಇರ್ಲಿಲ್ಲ. ಮಾರ್ಚಿಗೆ ಹೊಸ ಹಾಳೆ ಬೇಕು ಮಿಸ್."

ಒಂದು ಬದಿ ಖಾಲಿಯಿರುವ ಹಾಳೆಯನ್ನು ಬಿಸಾಡುವ ಮೇಷ್ಟ್ರು ಯಾವ ಹಟ್ಟಿಯಲ್ಲೂ ಇಲ್ಲ. ಅನುಸೂಯ ಹಾಜರಾತಿ ಪುಸ್ತಕ ತೆರೆದು ಅರ್ಜಿಯನ್ನು ಹೊರತೆಗೆದಳು. ತಿರುವಿದಳು. ಹಿಂಬದಿ ಅಚ್ಚ ಬಿಳಿ. ಸ್ಕೇಲಿಟ್ಟು ಮೂವತ್ತೊಂದು ಚೌಕ ಹಾಕಿದಳು. ಚೌಡೇಶ್ವರಿ ಬಾಗಿಲ ಹಿಂದಕ್ಕೆ ಹೊರಟಾಗ ತಡೆದು, ಕಿಟಕಿಯ ಪಕ್ಕ, ಆಕಾಶದ ನಕ್ಷೆಗೆ ಜೋಡಿಯಾಗಿ, ಎಲ್ಲರಿಗೂ ಕಾಣುವಂತೆ ಅಂಟಿಸಿದಳು. 'ಮಾನ್ಯರೇ' ಎಂದು ಬರೆದ ಮಗ್ಗುಲು ಗೋಡೆಗೆ ಮುಖಮಾಡಿ ಕುಳಿತಿತು.

"ಇವತ್ತು ಏನು ಹಾಕ್ಲಿ ಮಿಸ್?"

"ನೀನೇ ನೋಡಿ ಹಾಕು."

ಚೌಡೇಶ್ವರಿ ಮಿಸ್‌ನ ಮುಖವನ್ನು ನೋಡಿದಳು. ಓಡಿಹೋಗಿ ಚಪ್ಪಲಿ ನೋಡಿ ಬಂದಳು. ಎರಡೂ ನೆಟ್ಟಗೇ ಇದ್ದವು, ಆದರೆ ಒಂದು ಸ್ವಲ್ಪ ಅಡುಗೆಮನೆಯ ಕಡೆಗೆ ತಿರುಗಿತ್ತು. ಬಹಳ ಹೊತ್ತು ಯೋಚಿಸಿ, ಒಂದು ಮೋಡ ಬರೆದು, ಅದರ ಹಿಂದಿನಿಂದ ಅರ್ಧ ಇಣುಕುವ ಸೂರ್ಯನನ್ನು ಬರೆದಳು.

ಅನುಸೂಯಳಿಗೆ ಅದು ಸರಿಯೆನಿಸಿತು.

ಯಾರೋ ಸೀರೆ ಎಳೆದಂತಾಯಿತು. ಕೀರ್ತನಾ. ಕತ್ತೆತ್ತಿ, ಹೊಸ ಹಾಳೆಯನ್ನೂ ಮಿಸ್‌ನನ್ನೂ ಅನುಮಾನದಿಂದ ನೋಡುತ್ತಿದ್ದಳು.

"ಮಿಸ್, ಇವತ್ತು ಅಳಬೌದಾ?"

"ಯಾವತ್ತು ಬೇಕಾದ್ರೂ ಅಳಬೌದು. ಮಳೆ ಇದ್ರೂ ಅಳಬೌದು."

ಕೀರ್ತನಾ ಈ ಹೊಸ ಕಾನೂನನ್ನು ಒಂದು ಗಳಿಗೆ ಮನಸ್ಸಿನಲ್ಲೇ ತೂಗಿ ನೋಡಿದಳು.

"ಹಂಗಾದ್ರೆ ನಾಳೆ ಅಳ್ತೀನಿ," ಎಂದು ಹೇಳಿ, ಬಳಪ ಕಿತ್ತುಕೊಳ್ಳಲು ಗುಂಪಿನೊಳಗೆ ನುಗ್ಗಿದಳು.